ತೋಟದಲ್ಲಿ ನಿಂತ ಕಲ್ಲು, ಕಲ್ಲು ಕಡಿದವರ ಹೆಸರು



ಪೋಸ್ಟ್ ಉದ್ದ ಇದೆ. ಪುರುಸೊತ್ತು ಮಾಡ್ಕೊಂಡು ಓದಿ.

2024ರ ಆಗಸ್ಟ್ 8ರಿಂದ 19ರವರೆಗೆ ಲಾಲ್‌ಬಾಗ್‌ನಲ್ಲಿ ನಡೆದ 216ನೇ ಫಲಪುಷ್ಪ ಪ್ರದರ್ಶನದ ವಿಷಯ ಬಾಬಾಸಾಹೇಬರ ಬದುಕು. ಅದಕ್ಕೆ ಮೊದಲು ಜನವರಿಯಲ್ಲಿ ಬಸವಣ್ಣ, ಹಿಂದಿನ ಆಗಸ್ಟ್‌ನಲ್ಲಿ ಕೆಂಗಲ್ ಹನುಮಂತಯ್ಯ ಮತ್ತು ವಿಧಾನಸೌಧ. ಬಾಬಾಸಾಹೇಬರ ಪ್ರದರ್ಶನ ನಡೀತಿದ್ದಾಗ ನಮ್ಮ ಸಂಗಾತಿಗಳಲ್ಲೇ ಕೆಲವರು ಕೇಳಿದ್ರು: "ಹೂವಿನ ಅಂಬೇಡ್ಕರ್ ಹತ್ತು ದಿನಕ್ಕೆ ಬಾಡಿ ಹೋಗ್ತಾರೆ. ಜನ ಸೆಲ್ಫಿ ತಗೊಂಡು ಮನೆಗೆ ಹೋಗ್ತಾರೆ. ನಮಗೇನು ಸಿಕ್ತು?" ಕೇಳಬೇಕಾದ ಪ್ರಶ್ನೆನೇ. ಆದರೆ ಇದಕ್ಕೆ ಒಂದೇ ಮಾತಲ್ಲಿ ಉತ್ತರ ಕೊಡೋಕಾಗಲ್ಲ. ತೋಟದಲ್ಲಿ ಮೂರ್ತಿ ನಿಲ್ಲಿಸೋದು ಅಂದ್ರೆ ಏನು, ಯಾರ ಮೂರ್ತಿ, ಮಾಡಿದವರು ಯಾರು, ನೋಡೋಕೆ ಬರೋ ಹಕ್ಕು ಯಾರಿಗೆ, ಇದನ್ನೆಲ್ಲ ಮೊದಲು ನೋಡಬೇಕು. ಅದಕ್ಕೆ ಲಂಡನ್‌ಗೆ ಹೋಗಿ, ಜಿಂಬಾಬ್ವೆಗೆ ಹೋಗಿ, ಬರೋಡಾ ಮೇಲೆ ವಾಪಸ್ ಲಾಲ್‌ಬಾಗ್‌ಗೆ ಬರೋಣ.

2000ನೇ ಇಸವಿ. ಲಂಡನ್ನಿನ ಕ್ಯೂ ಸಸ್ಯೋದ್ಯಾನದಲ್ಲಿ ಒಂದು ಶಿಲ್ಪ ಪ್ರದರ್ಶನ ಆಯ್ತು. ಹೆಸರು 'ಚಾಪುಂಗು'. ಜಿಂಬಾಬ್ವೆಯ ಶೋನಾ ಭಾಷೆಯಲ್ಲಿ ಚಾಪುಂಗು ಅಂದ್ರೆ ಒಂದು ಜಾತಿಯ ಹದ್ದು, ಅಲ್ಲಿನ ಜನರ ನಂಬಿಕೆಯಲ್ಲಿ ಹಿರಿಯರ ಸಂದೇಶ ತರೋ ಹಕ್ಕಿ. ಹರಾರೆಯಲ್ಲಿ 1970ರಲ್ಲಿ ಶುರುವಾದ ಶಿಲ್ಪೋದ್ಯಾನಕ್ಕೂ ಇದೇ ಹೆಸರು. ಅಲ್ಲಿಂದ ಹಡಗಿನಲ್ಲಿ ಬಂದ ದೊಡ್ಡ ದೊಡ್ಡ ಕಲ್ಲಿನ ಶಿಲ್ಪಗಳು ಕ್ಯೂ ತೋಟದ ಹುಲ್ಲಿನ ಮೇಲೆ, ಮರಗಳ ಕೆಳಗೆ ನಿಂತವು. ಮಗು ಎತ್ತಿಕೊಂಡ ತಾಯಂದಿರು, ಹಳ್ಳಿಯ ಹಿರಿಯರು, ಅರ್ಧ ಮನುಷ್ಯ ಅರ್ಧ ಪ್ರಾಣಿಯಾದ ಆತ್ಮಗಳು. ಮುಂದಿನ ವರ್ಷ ಅಮೆರಿಕದ ಮಿಸೌರಿ ಸಸ್ಯೋದ್ಯಾನಕ್ಕೂ ಚಾಪುಂಗು ಪ್ರದರ್ಶನ ಹೋಯ್ತು.

ಇದ್ರಲ್ಲೇನು ವಿಶೇಷ ಅಂತೀರಾ? ಕ್ಯೂ ಅಂದ್ರೆ ಬರೀ ಹೂವಿನ ತೋಟ ಅಲ್ಲ. 1759ರಲ್ಲಿ ರಾಜಮನೆತನದ ತೋಟವಾಗಿ ಶುರುವಾಗಿ 1840ರಲ್ಲಿ ಸರ್ಕಾರದ ಕೈಗೆ ಬಂದ ಈ ಜಾಗ, ಬ್ರಿಟಿಷ್ ಸಾಮ್ರಾಜ್ಯದ ಗಿಡಗಳ ಹೆಡ್ಡಾಫೀಸು. ಯಾವ ದೇಶದ ಯಾವ ಗಿಡದಿಂದ ಕಾಸು ಬರುತ್ತೆ, ಅದನ್ನ ಯಾವ ವಸಾಹತಿನಲ್ಲಿ ನೆಡಬಹುದು ಅನ್ನೋ ಲೆಕ್ಕ ನಡೀತಿದ್ದದ್ದು ಇಲ್ಲಿ. 1876ರಲ್ಲಿ ಬ್ರೆಜಿಲ್‌ನಿಂದ ಸುಮಾರು 70,000 ರಬ್ಬರ್ ಬೀಜ ಕ್ಯೂಗೆ ಬಂತು. ಮೊಳೆತ ಸಸಿಗಳು ಸಿಲೋನ್‌ಗೆ, ಮಲಯಾಕ್ಕೆ ಹೋದವು. ಕ್ವಿನೈನ್ ಕೊಡೋ ಸಿಂಕೋನಾ ನೀಲಗಿರಿಗೆ ಬಂತು. ಆಮೇಲೆ ಸಿಲೋನಿನ ಎಸ್ಟೇಟುಗಳಿಗೆ ಕಂಗಾಣಿಗಳ ಸಾಲದ ಹಗ್ಗ ಕಟ್ಟಿಸಿಕೊಂಡು ಹೋದ ತಮಿಳು ಕೂಲಿಗಳಲ್ಲಿ ದೊಡ್ಡ ಪಾಲು ಪರೈಯರ್, ಪಳ್ಳರ್ ಜನ. ಅಂದ್ರೆ ನಮ್ಮವರೇ. ಕ್ಯೂ ಗಾಜಿನ ಮನೆಯಲ್ಲಿ ಮೊಳೆತ ಬೀಜದ ಇನ್ನೊಂದು ತುದಿಯಲ್ಲಿ ನಮ್ಮ ಜನರ ಬೆನ್ನು ಇದೆ. ಅಂಥ ತೋಟದಲ್ಲಿ ಆಫ್ರಿಕಾದ ಕಪ್ಪು ಜನ ಕಡೆದ ಕಲ್ಲು ತಲೆ ಎತ್ತಿ ನಿಂತಿತ್ತು.

ಆ ಕಲ್ಲಿನ ಹಿಂದೆ ಒಂದು ಹಳೇ ಜಗಳ ಇದೆ. ಅದನ್ನ ಕೇಳಿದ್ರೆ ನಿಮಗೆ ನಮ್ಮೂರಿನ ಕಥೆ ಅನ್ಸುತ್ತೆ.

ಜಿಂಬಾಬ್ವೆ ಅನ್ನೋ ಹೆಸರೇ ಕಲ್ಲಿನಿಂದ ಬಂದದ್ದು. ಶೋನಾ ಭಾಷೆಯಲ್ಲಿ ಅದರ ಅರ್ಥ ಕಲ್ಲಿನ ಮನೆಗಳು. ಅಲ್ಲಿ 'ಗ್ರೇಟ್ ಜಿಂಬಾಬ್ವೆ' ಅನ್ನೋ ಹಾಳು ಪಟ್ಟಣ ಇದೆ. 11ರಿಂದ 15ನೇ ಶತಮಾನದವರೆಗೆ ಶೋನಾ ಜನರ ಪೂರ್ವಿಕರು ಕಟ್ಟಿದ್ದು. ಗಾರೆ ಇಲ್ಲದೆ, ಕಲ್ಲಿನ ಮೇಲೆ ಕಲ್ಲು ಇಟ್ಟೇ ಎಬ್ಬಿಸಿದ ಗೋಡೆ. ದೊಡ್ಡ ಆವರಣದ ಸುತ್ತಳತೆ ಸುಮಾರು 250 ಮೀಟರ್, ಕೆಲವು ಕಡೆ ಎತ್ತರ 11 ಮೀಟರ್. ನಮ್ಮ ಬೇಲೂರು, ಹಳೇಬೀಡು ಏಳ್ತಿದ್ದ ಕಾಲವೂ ಅದರೊಳಗೇ ಬರುತ್ತೆ.

1871ರಲ್ಲಿ ಕಾರ್ಲ್ ಮೌಖ್ ಅನ್ನೋ ಜರ್ಮನ್ ಅಲ್ಲಿಗೆ ಬಂದ. ಇಷ್ಟು ಚೆನ್ನಾಗಿರೋ ಕಟ್ಟಡ ಕಪ್ಪು ಜನ ಕಟ್ಟಿರೋಕೆ ಸಾಧ್ಯವೇ ಇಲ್ಲ ಅಂತ ಅವನ ತೀರ್ಮಾನ. ಬೈಬಲ್ಲಿನ ಶೀಬಾ ರಾಣಿಗೆ ಗಂಟು ಹಾಕಿದ. ಆಮೇಲೆ ಬಂದವರು ಫಿನೀಷಿಯನ್ನರು ಅಂದ್ರು, ಅರಬರು ಅಂದ್ರು. ಪಕ್ಕದಲ್ಲೇ ಗುಡಿಸಲು ಹಾಕ್ಕೊಂಡು ಬದುಕ್ತಿದ್ದ ಜನರ ಹೆಸರೊಂದು ಬಿಟ್ಟು ಬೇರೆಲ್ಲರ ಹೆಸರು ಹೇಳಿದ್ರು.

ಯಾಕೆ? ಸೆಸಿಲ್ ರೋಡ್ಸ್ ಅನ್ನೋ ಗಣಿ ಧಣಿ ಆ ನೆಲಕ್ಕೆ ಕಣ್ಣು ಹಾಕಿದ್ದ. ಅವನ ಕಂಪನಿ ಸೈನ್ಯ 1890ರಲ್ಲಿ ಒಳಗೆ ನುಗ್ಗಿತು, ದೇಶಕ್ಕೇ ರೊಡೇಷಿಯಾ ಅಂತ ಅವನ ಹೆಸರು ಬಿತ್ತು. ಈ ನೆಲದಲ್ಲಿ ಹಿಂದೆಯೂ ಹೊರಗಿನವರೇ ಆಳಿದ್ರು, ಇಲ್ಲಿನವರಿಗೆ ಕಟ್ಟೋಕೆ ಬರಲ್ಲ, ಆಳೋಕೂ ಬರಲ್ಲ ಅನ್ನೋ ಕಥೆ ಅವನಿಗೆ ಬೇಕಾಗಿತ್ತು. ಪಟ್ಟಣದಲ್ಲಿ ಬಳಪದ ಕಲ್ಲಿನ ಹಕ್ಕಿಗಳಿದ್ದವು. ವಿಲ್ಲಿ ಪೊಸೆಲ್ಟ್ ಅನ್ನೋನು 1889ರಲ್ಲಿ, ಅಲ್ಲಿದ್ದ ಜನ ಬೇಡ ಅಂದ್ರೂ, ಒಂದಿಷ್ಟು ಕಂಬಳಿ ಕೊಟ್ಟು ಒಂದು ಹಕ್ಕಿ ಹೊತ್ಕೊಂಡು ಹೋದ. ಅದು ರೋಡ್ಸ್‌ನ ಕೈ ಸೇರಿ ಕೇಪ್‌ಟೌನ್‌ನ ಅವನ ಬಂಗಲೆ ಸೇರಿತು.

ಸತ್ಯ ಹೇಳೋರೂ ಇದ್ರು. ಪುರಾತತ್ವ ವಿದ್ವಾಂಸ ರಾಂಡಲ್ ಮ್ಯಾಕ್‌ಐವರ್ 1905ರಲ್ಲಿ ಅಗೆದು ನೋಡಿ, ಇದು ಆಫ್ರಿಕನ್ನರದ್ದೇ ಅಂದ. 1929ರಲ್ಲಿ ಗರ್ಟ್ರೂಡ್ ಕೇಟನ್ ಥಾಮ್ಸನ್ ಅನ್ನೋ ಹೆಣ್ಣುಮಗಳು ಮತ್ತೆ ಅಗೆದು ಅದನ್ನೇ ಸಾಬೀತು ಮಾಡಿದ್ಲು. ಬಿಳಿಯರ ಸರ್ಕಾರಕ್ಕೆ ಅದು ಬೇಡ. 1960, 70ರ ದಶಕದಲ್ಲೂ ಸರ್ಕಾರಿ ಪುಸ್ತಕಗಳಲ್ಲಿ ನಿಜ ಬರೆಯದ ಹಾಗೆ ಒತ್ತಡ ಇತ್ತು. ಸ್ಮಾರಕಗಳ ಅಧಿಕಾರಿಯಾಗಿದ್ದ ಪೀಟರ್ ಗಾರ್ಲೇಕ್ 1970ರಲ್ಲಿ ದೇಶ ಬಿಟ್ಟು ಹೋಗಬೇಕಾಯ್ತು. ಗೋಡೆ ಯಾರು ಕಟ್ಟಿದ್ರು ಅನ್ನೋ ಒಂದು ವಾಕ್ಯಕ್ಕೆ ಇಷ್ಟು ಹೆದರಿಕೆ ನೋಡಿ. ಗೋಡೆ ನಿಮ್ಮದು ಅಂತ ಒಪ್ಪಿದ್ರೆ ನೆಲವೂ ನಿಮ್ಮದು ಅಂತ ಒಪ್ಪಬೇಕಾಗುತ್ತೆ. 1930ರ ಭೂ ಹಂಚಿಕೆ ಕಾಯ್ದೆಯಲ್ಲಿ ಒಳ್ಳೇ ಜಮೀನೆಲ್ಲ ಬಿಳಿಯರಿಗೆ ಬರೆದುಕೊಂಡವರು ಅದನ್ನ ಹೇಗೆ ಒಪ್ತಾರೆ?

ಇಂಥ ದೇಶದಲ್ಲಿ, 1950ರ ದಶಕದ ಕೊನೆಯಲ್ಲಿ, ಕೂಲಿ ಜನ ಮತ್ತೆ ಕಲ್ಲು ಮುಟ್ಟಿದ್ರು. ರಾಜಧಾನಿಯಲ್ಲಿ 1957ರಲ್ಲಿ ರೋಡ್ಸ್ ಹೆಸರಿನ ರಾಷ್ಟ್ರೀಯ ಗ್ಯಾಲರಿ ಶುರುವಾಯ್ತು. ಯುರೋಪಿನ ಚಿತ್ರ ತೋರಿಸೋಕೆ ಕಟ್ಟಿದ್ದು. ಅದರ ನಿರ್ದೇಶಕ ಫ್ರಾಂಕ್ ಮೆಕ್‌ಈವನ್ ಅಲ್ಲಿ ಕೆಲಸಕ್ಕಿದ್ದ ಅಟೆಂಡರ್‌ಗಳ ಕೈಗೆ ಬಣ್ಣ ಕೊಟ್ಟ, ಆಮೇಲೆ ಅವರು ಕಲ್ಲಿಗೆ ಬಂದ್ರು. ಥಾಮಸ್ ಮುಕರೊಬ್ಗ್ವಾ ಅಂಥ ಒಬ್ಬ ಅಟೆಂಡರ್. ನಿಕೋಲಸ್ ಮುಕೊಂಬೆರನ್ವಾ ಪೊಲೀಸ್ ಪೇದೆ. ಈ ಶಿಲ್ಪಕಲೆಯ ತಂದೆ ಅಂತ ಕರೆಸಿಕೊಳ್ಳೋ ಜೋರಂ ಮರಿಗಾ, ನ್ಯಾಂಗಾ ಬೆಟ್ಟದ ಕಡೆ ಕೃಷಿ ಇಲಾಖೆಯಲ್ಲಿದ್ದವನು. ಬರ್ನಾರ್ಡ್ ಮಟೆಮೆರಾ ಟ್ರ್ಯಾಕ್ಟರ್ ಓಡಿಸ್ತಿದ್ದ.  1966ರಲ್ಲಿ ತೆಂಗೆನೆಂಗೆ ಅನ್ನೋ ತಂಬಾಕು ಎಸ್ಟೇಟಿನಲ್ಲಿ, ನಿರ್ಬಂಧಗಳಿಂದ ತಂಬಾಕು ಮಾರಾಟ ನೆಲಕಚ್ಚಿದಾಗ, ಮಾಲೀಕ ಟಾಮ್ ಬ್ಲೊಮ್‌ಫೀಲ್ಡ್ ಕೂಲಿಗಳಿಗೇ ಉಳಿ ಸುತ್ತಿಗೆ ಕೊಟ್ಟ. ಅಲ್ಲಿನ ಕೂಲಿಗಳು ಮಲಾವಿ, ಅಂಗೋಲಾ, ಮೊಜಾಂಬಿಕ್‌ನಿಂದ ವಲಸೆ ಬಂದವರು. ಆದ್ರೂ ಮಾರ್ಕೆಟ್ಟಿನಲ್ಲಿ ಎಲ್ಲಾ ಸೇರಿಸಿ 'ಶೋನಾ ಶಿಲ್ಪ' ಅಂತ ಒಂದೇ ಚೀಟಿ ಅಂಟಿಸಿದ್ರು. ವಲಸೆ ಕೂಲಿಯ ಹೆಸರು ಅಲ್ಲೂ ಸ್ವಲ್ಪ ಅಳಿಸಿತು.

ಅವರು ಕೆಲಸ ಮಾಡೋ ರೀತಿಯನ್ನೂ ಹೇಳ್ಬೇಕು. ಸರ್ಪೆಂಟೈನ್ ಅನ್ನೋ ಗಟ್ಟಿ ಕಲ್ಲು. ಬಂಡೆಯಿಂದ ಕೈಯಲ್ಲೇ ಎಬ್ಬಿಸ್ತಾರೆ. ಸುತ್ತಿಗೆ, ಉಳಿ, ಅರದಲ್ಲಿ ರೂಪ ತರ್ತಾರೆ. ನೀರು ಹಾಕಿ ಹಾಕಿ ಉಪ್ಪುಕಾಗದದಲ್ಲಿ ಉಜ್ಜುತಾರೆ. ಕೊನೆಗೆ ಬೆಂಕಿ ಹಾಕಿ ಕಲ್ಲನ್ನ ಕಾಯಿಸಿ, ಬಿಸಿ ಇರುವಾಗಲೇ ಮೇಣ ಹಚ್ತಾರೆ. ಬೂದು ಬಣ್ಣದ ಕಲ್ಲು ಕಪ್ಪಗೆ ಮಿಂಚೋಕೆ ಶುರುವಾಗುತ್ತೆ. ಎಷ್ಟೋ ಶಿಲ್ಪಿಗಳು ಒಂದು ಭಾಗವನ್ನ ಉಜ್ಜದೆ ಒರಟಾಗೇ ಬಿಡ್ತಾರೆ, ಬಂಡೆ ಎಲ್ಲಿಂದ ಬಂತು ಅನ್ನೋದು ಕಾಣ್ತಿರುತ್ತೆ.

1971ರಲ್ಲಿ ಪ್ಯಾರಿಸ್‌ನ ರೋಡಾನ್ ಮ್ಯೂಸಿಯಂನಲ್ಲಿ ಈ ಶಿಲ್ಪಗಳ ಪ್ರದರ್ಶನ ಆಯ್ತು. ಗ್ರೇಟ್ ಜಿಂಬಾಬ್ವೆ ಕಪ್ಪು ಜನರದ್ದಲ್ಲ ಅಂತ ರೊಡೇಷಿಯಾ ಸರ್ಕಾರ ಸಾಧಿಸ್ತಿದ್ದ ಅದೇ ಕಾಲ. ವಾದಕ್ಕೆ ವಾದ ಹೂಡದೆ, ಕಲ್ಲು ಕಡೆದು ತೋರಿಸಿದ್ರು. 1980ರ ಏಪ್ರಿಲ್ 18ಕ್ಕೆ ಸ್ವಾತಂತ್ರ್ಯ ಬಂತು. ರೋಡ್ಸ್ ಹೆಸರು ಕಿತ್ತು ಹಾಕಿ ಕಲ್ಲಿನ ಮನೆಯ ಹೆಸರನ್ನೇ ದೇಶಕ್ಕಿಟ್ರು, ಕಲ್ಲಿನ ಹಕ್ಕಿಯನ್ನ ಬಾವುಟದ ಮೇಲೆ ಕೂರಿಸಿದ್ರು. 1981ರಲ್ಲಿ ದಕ್ಷಿಣ ಆಫ್ರಿಕಾ ಕೆಲವು ಹಕ್ಕಿಗಳನ್ನ ವಾಪಸ್ ಕೊಡ್ತು. ಪುಕ್ಕಟೆ ಅಲ್ಲ, ಬದಲಿಗೆ ಒಂದು ಕೀಟಗಳ ಸಂಗ್ರಹ ತಗೊಂಡು! ಕದ್ದ ಮಾಲಿಗೂ ವಿನಿಮಯ ಕೇಳೋ ಜನ.

ಈ ಹಿನ್ನೆಲೆ ಇಟ್ಕೊಂಡು 2000ನೇ ಇಸವಿಯ ಕ್ಯೂ ಪ್ರದರ್ಶನ ನೋಡಿ. ಒಂದೊಂದು ಕಲ್ಲಿಗೂ ಕಡೆದವರ ಹೆಸರಿದೆ. ಈ ಚಳವಳಿಯಿಂದ ಬಂದ ಕಾಲೀನ್ ಮದಮೊಂಬೆ, ಆಗ್ನೆಸ್ ನ್ಯಾನ್‌ಹೊಂಗೊ ಅವರಂಥ ಹೆಣ್ಣು ಶಿಲ್ಪಿಗಳು ಇವತ್ತು ಜಗತ್ತಿಗೆ ಗೊತ್ತು. ಈ ಕಲೆಯಲ್ಲಿ ಬಿಳಿಯ ಮಧ್ಯವರ್ತಿಗಳ ಪಾಲು ಎಷ್ಟು, ದುಡ್ಡು ಯಾರ ಜೇಬಿಗೆ ಹೋಯ್ತು ಅನ್ನೋ ಪ್ರಶ್ನೆಗಳು ಇವೆ, ಕೇಳಲೇಬೇಕು. ಆದರೆ ಕಟ್ಟಿದ್ದು ನೀವಲ್ಲ ಅಂತ ನೂರು ವರ್ಷ ಹೇಳಿಸಿಕೊಂಡ ಜನ, ಹೇಳಿದವರ ರಾಜಧಾನಿಯ ತೋಟದಲ್ಲೇ ತಮ್ಮ ಹೆಸರು ಹಾಕಿಸಿಕೊಂಡು ನಿಂತದ್ದು ಸಣ್ಣ ವಿಷಯ ಅಲ್ಲ.

ಈಗ ನಮ್ಮ ಕಲ್ಲಿಗೆ ಬರೋಣ. ಜಿಂಬಾಬ್ವೆಯ ಹಕ್ಕಿ ಬಳಪದ ಕಲ್ಲು. ನಮ್ಮ ಹೊಯ್ಸಳರ ದೇವಸ್ಥಾನಗಳೂ ಬಳಪದ ಕಲ್ಲೇ. ಬೇಲೂರಿನಲ್ಲಿ ದಾಸೋಜ, ಅವನ ಮಗ ಚಾವಣ, ಸೋಮನಾಥಪುರದಲ್ಲಿ ಮಲ್ಲಿತಮ್ಮ, ಹೀಗೆ ಶಿಲ್ಪಿಗಳು ಕೆಳಗೆ ಹೆಸರು ಕೆತ್ತಿದ್ದಾರೆ. ಒಳ್ಳೇದು. ಆದರೆ ಬಂಡೆ ಸೀಳಿದವರು, ಉರುಳಿಸಿದವರು, ಮಣ್ಣು ಹೊತ್ತವರು? ನಮ್ಮ ನಾಡಿನಲ್ಲಿ ಕಲ್ಲು ಒಡೆಯೋದೇ ಕುಲಕಸುಬಾಗಿ, ಒಡ್ಡರು ಅಂತ ಕರೆಸಿಕೊಂಡು, ಇವತ್ತು ಭೋವಿ ಅಂತ ಪರಿಶಿಷ್ಟ ಜಾತಿ ಪಟ್ಟಿಯಲ್ಲಿರೋ ಜನರ ಒಂದು ಹೆಸರು ಯಾವ ಕಂಬದ ಮೇಲಿದೆ? ಬೇಲೂರು ಚೆನ್ನಿಗರಾಯನ ಪಾದರಕ್ಷೆ ಮಾಡಿಕೊಡೋದು ಮಾದಿಗರು, ಆದರೆ ಹೊಲೆಮಾದಿಗರು ಗುಡಿ ಒಳಗೆ ಬರೋಕೆ ವರ್ಷದಲ್ಲಿ ಗೊತ್ತು ಮಾಡಿದ ಕೆಲವೇ ದಿನ, ಅಂತ ರೈಸ್ ಸಾಹೇಬ ಮೈಸೂರು ಗೆಜೆಟಿಯರ್‌ನಲ್ಲಿ ದಾಖಲಿಸಿದ್ದಾನೆ. ಚಪ್ಪಲಿ ಒಳಗೆ, ಹೊಲೆದವನು ಹೊರಗೆ.

ಹಳೇ ಕಾಲದ ಮಾತು ಬಿಡಿ ಅಂತಾರೆ ಕೆಲವರು. ಸರಿ, ಹೊಸದನ್ನೇ ನೋಡೋಣ. ಅಯೋಧ್ಯೆಯ ಬಾಲರಾಮನ ಮೂರ್ತಿಯ ಕಲ್ಲು ಹೋದದ್ದು ಮೈಸೂರು ಜಿಲ್ಲೆಯ ಹಾರೋಹಳ್ಳಿಯ ಒಬ್ಬ ದಲಿತ ರೈತರ ಜಮೀನಿನಿಂದ. ವಿಧಾನಸೌಧಕ್ಕೆ ಸುಮಾರು 5,000 ಕೂಲಿಗಳು, 1,500 ಕಲ್ಲುಕುಟಿಗರು ದುಡಿದ್ರು, ಅವರಲ್ಲಿ ಜೈಲಿನ ಕೈದಿಗಳೂ ಇದ್ರು. 2023ರಲ್ಲಿ ಗಾಜಿನ ಮನೆಯಲ್ಲಿ ಹೂವಿನ ವಿಧಾನಸೌಧ ನೋಡಿ ಚಪ್ಪಾಳೆ ಹೊಡೆದ ಲಕ್ಷಾಂತರ ಜನರಲ್ಲಿ ಎಷ್ಟು ಜನಕ್ಕೆ ಅವರ ನೆನಪಾಗಿರಬಹುದು?

ಈಗ ಬರೋಡಾ. ಈ ಕೊಂಡಿ ಇತಿಹಾಸದಲ್ಲೇ ಇದೆ, ನಾವು ಹೊಸೆಯೋದು ಏನೂ ಬೇಡ. 1760ರಲ್ಲಿ ಹೈದರಾಲಿ ಶುರು ಮಾಡಿದ ಲಾಲ್‌ಬಾಗ್ ಬ್ರಿಟಿಷರ ಕಾಲದಲ್ಲಿ ಕ್ಯೂನಲ್ಲಿ ತಯಾರಾದವರ ಕೈಗೆ ಬಂತು. ಗಾಜಿನ ಮನೆ ಕಟ್ಟಿಸಿದ ಜಾನ್ ಕ್ಯಾಮರಾನ್ ಕ್ಯೂನವನು. ಅವನ ನಂತರ 1908ರಿಂದ 1932ರವರೆಗೆ ಇದ್ದ ಕ್ರುಂಬಿಗಲ್ ಕೂಡ ಕ್ಯೂನಲ್ಲಿ ಕೆಲಸ ಮಾಡಿದ ಜರ್ಮನ್. ಇವತ್ತಿಗೂ ಲಾಲ್‌ಬಾಗ್ ಪಕ್ಕದ ರಸ್ತೆಗೆ ಅವನ ಹೆಸರಿದೆ. ಬೆಂಗಳೂರಿಗೆ ಬರೋ ಮೊದಲು, 1893ರಿಂದ, ಅವನು ಬರೋಡಾ ಸಂಸ್ಥಾನದ ತೋಟಗಳನ್ನ ನೋಡ್ಕೊಳ್ತಿದ್ದ. ಯಾರ ಹತ್ತಿರ? ಸಯಾಜಿರಾವ್ ಗಾಯಕವಾಡರ ಹತ್ತಿರ. ಬಾಬಾಸಾಹೇಬರನ್ನ ಕೊಲಂಬಿಯಾಕ್ಕೆ ಓದೋಕೆ ಕಳಿಸಿದ ಅದೇ ಮಹಾರಾಜರು.

ಆ ವಿದ್ಯಾರ್ಥಿವೇತನದ ಕರಾರಿನ ಪ್ರಕಾರ 1917ರಲ್ಲಿ ಬಾಬಾಸಾಹೇಬರು ಬರೋಡಾಕ್ಕೆ ಕೆಲಸಕ್ಕೆ ಹೋದ್ರು. ಅಕೌಂಟೆಂಟ್ ಜನರಲ್ ಆಫೀಸಿನಲ್ಲಿ ಪ್ರೊಬೇಷನರ್. ಜವಾನರು ಮೈಲಿಗೆ ಅಂತ ಫೈಲುಗಳನ್ನ ಅವರ ಟೇಬಲ್ ಮೇಲೆ ದೂರದಿಂದ ಎಸೀತಿದ್ರು ಅನ್ನೋದು ನಿಮಗೆಲ್ಲ ಗೊತ್ತಿರೋದೇ. ನಾನೂ ಫೈಲು ಹೊರೋ ಗುಮಾಸ್ತನೇ. ಫೈಲು ಕೈಗೆ ಕೊಡೋದಕ್ಕೂ ಮೇಜಿಗೆ ಬಿಸಾಡೋದಕ್ಕೂ ಏನು ವ್ಯತ್ಯಾಸ ಅಂತ ಆಫೀಸಿನಲ್ಲಿ ಕೆಲಸ ಮಾಡೋ ನಮ್ಮವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇರೋಕೆ ಮನೆ ಸಿಗಲಿಲ್ಲ. ಪಾರ್ಸಿಗಳ ವಸತಿಗೃಹದಲ್ಲಿ ಪಾರ್ಸಿ ಹೆಸರು ಹೇಳ್ಕೊಂಡು ಇದ್ರು. ಹನ್ನೊಂದನೇ ದಿನ ದೊಣ್ಣೆ ಹಿಡಿದ ಪಾರ್ಸಿಗಳ ಗುಂಪು ಬಂತು, ಸಂಜೆಯೊಳಗೆ ಖಾಲಿ ಮಾಡು ಅಂತು. ಒಬ್ಬ ಹಿಂದೂ ಗೆಳೆಯ, ಒಬ್ಬ ಕ್ರೈಸ್ತ ಗೆಳೆಯ, ಇಬ್ಬರನ್ನೂ ಕೇಳಿ ನೋಡಿದ್ರು, ಇಬ್ಬರ ಮನೆಯಲ್ಲೂ ಜಾಗ ಸಿಗಲಿಲ್ಲ. ರಾತ್ರಿ ಬಾಂಬೆ ರೈಲಿಗೆ ಇನ್ನೂ ಐದು ಗಂಟೆ ಇತ್ತು. ಆ ಐದು ಗಂಟೆ ಅವರು ಕೂತದ್ದು ಎಲ್ಲಿ? ಕಾಮಾಟಿ ಬಾಗ್ ಅನ್ನೋ ಸಾರ್ವಜನಿಕ ತೋಟದಲ್ಲಿ. 'ವೇಟಿಂಗ್ ಫಾರ್ ಎ ವೀಸಾ' ಬರಹದಲ್ಲಿ ಅವರೇ ಇದನ್ನೆಲ್ಲ ಬರೆದಿದ್ದಾರೆ. ಕೊಲಂಬಿಯಾದಲ್ಲಿ ಎಂ.ಎ. ಮಾಡಿ, ಲಂಡನ್‌ನಲ್ಲೂ ಓದಿ ಬಂದವರಿಗೆ ಹಿಂದೂ ಮನೆಯಲ್ಲಿ, ಕ್ರೈಸ್ತ ಮನೆಯಲ್ಲಿ, ಪಾರ್ಸಿ ಛತ್ರದಲ್ಲಿ ಸಿಗದ ಜಾಗ ಒಂದು ತೋಟದಲ್ಲಿ ಸಿಕ್ತು. ಇವತ್ತು ಅದು ಸಯಾಜಿ ಬಾಗ್. ಪ್ರತಿ ಸೆಪ್ಟೆಂಬರ್ 23ಕ್ಕೆ ನಮ್ಮ ಜನ ಅಲ್ಲಿಗೆ ಹೋಗಿ ಸಂಕಲ್ಪ ದಿನ ಮಾಡ್ತಾರೆ.

ಈಗ ಸಂವಿಧಾನದ 15(2)ನೇ ವಿಧಿ ತೆಗೆದು ಓದಿ. ಅಂಗಡಿ, ಹೋಟೆಲು, ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ ಅಂತ ಒಂದೊಂದಾಗಿ ಹೆಸರು ಹೇಳಿ, ಸರ್ಕಾರದ ಹಣದಲ್ಲಿ ನಡೆಯೋ, ಜನ ಸೇರೋ ಜಾಗಗಳಲ್ಲಿ ಜಾತಿ ಧರ್ಮದ ಹೆಸರಲ್ಲಿ ಯಾರನ್ನೂ ತಡೆಯಬಾರದು ಅಂತಿದೆ. ಅದರ ಕರಡು ಸಮಿತಿಯ ಅಧ್ಯಕ್ಷರು ಆವತ್ತು ತೋಟದಲ್ಲಿ ಐದು ಗಂಟೆ ಕೂತಿದ್ದವರು. ಲಾಲ್‌ಬಾಗ್‌ನ ಗೇಟಿನಲ್ಲಿ ನಿಮ್ಮ ಜಾತಿ ಕೇಳೋ ಹಾಗಿಲ್ಲ ಅಂದ್ರೆ ಅದು ಆ ವಿಧಿಯ ಬಲ.

ಹಾಗಾಗಿ ಹೂವಿನ ಅಂಬೇಡ್ಕರ್‌ರಿಂದ ಏನು ಸಿಕ್ತು ಅಂತ ಕೇಳಿದವರಿಗೆ ನನ್ನ ಉತ್ತರ ಇಷ್ಟು. ಜಾಗ ಸಿಗದೆ ತೋಟದಲ್ಲಿ ಕೂತಿದ್ದ ಮನುಷ್ಯ, ಆ ಸಂಸ್ಥಾನದ ತೋಟಗಳನ್ನ ಬೆಳೆಸಿದವನೇ ಆಮೇಲೆ ಬೆಳೆಸಿದ ಇನ್ನೊಂದು ತೋಟದ ಗಾಜಿನ ಮನೆಯಲ್ಲಿ, ಸರ್ಕಾರದ ಖರ್ಚಿನಲ್ಲಿ, ಎಲ್ಲಾ ಜಾತಿಯವರೂ ಟಿಕೆಟ್ ತಗೊಂಡು ಸಾಲು ನಿಂತು ನೋಡೋ ಹಾಗೆ ನಿಂತ್ರು. ಇದು ಗೆಲುವೇ. ಆದರೆ ಅರ್ಧ ಗೆಲುವು. ಜಿಂಬಾಬ್ವೆಯವರು ತಮ್ಮ ಹಕ್ಕಿ ವಾಪಸ್ ಬಂತು ಅಂತ ಸುಮ್ಮನೆ ಕೂರಲಿಲ್ಲ, ಕಡೆದವರ ಹೆಸರನ್ನೂ ಕಲ್ಲಿನ ಪಕ್ಕ ಹಾಕಿಸಿದ್ರು. ನಮ್ಮ ಉಳಿದರ್ಧ ಅಲ್ಲಿದೆ.

ಅದಕ್ಕೆ ಮೂರು ಬೇಡಿಕೆ ಇಡೋಣ ಅಂತಿದ್ದೀನಿ. ಒಂದು, ಪ್ರತಿ ಪ್ರದರ್ಶನದಲ್ಲೂ ಗಣ್ಯರ ಹೆಸರಿನ ಬೋರ್ಡಿನಷ್ಟೇ ದೊಡ್ಡ ಬೋರ್ಡಿನಲ್ಲಿ ಹೂವು ಕಟ್ಟಿದವರು, ಮಾಲಿಗಳು, ಕಸ ಗುಡಿಸಿದ ಹೆಣ್ಣುಮಕ್ಕಳು, ಎಲ್ಲರ ಹೆಸರು ಬರಬೇಕು. ಗುತ್ತಿಗೆ ಕೆಲಸದವರದ್ದೂ ಸೇರಿ. ಎರಡು, ಕಾಮಾಟಿ ಬಾಗ್‌ನ ಆ ಐದು ಗಂಟೆಯ ಕಥೆ ಹೇಳೋ ಒಂದು ಶಾಶ್ವತ ಫಲಕ ಲಾಲ್‌ಬಾಗ್‌ನಲ್ಲಿ ಬೇಕು, ಬಾಡದೇ ಇರೋ ಕಲ್ಲಿನಲ್ಲಿ. ಮೂರು, ಆ ಕಲ್ಲು ಕಡೆಯೋ ಕೆಲಸ ನಮ್ಮ ಭೋವಿ ಸಮುದಾಯದ ಶಿಲ್ಪಿಗಳಿಗೆ ಕೊಡಬೇಕು, ಕೆಳಗೆ ಅವರ ಹೆಸರು ಕೆತ್ತಬೇಕು.

ತೋಟಗಾರಿಕೆ ಇಲಾಖೆಗೆ ಕೊಡೋ ಅರ್ಜಿ ನಾನೇ ಬರೀತೀನಿ, ಅದು ನನ್ನ ದಿನದ ಕೆಲಸ. ಸಹಿ ಹಾಕೋಕೆ ಜನ ಬೇಕು. ಬರ್ತೀನಿ ಅನ್ನೋರು ಕೆಳಗೆ ನಿಮ್ಮ ಊರಿನ ಹೆಸರು ಬರೀರಿ. ಮುಂದಿನ ಪ್ರದರ್ಶನದೊಳಗೆ ಅರ್ಜಿ ಇಲಾಖೆಯಲ್ಲಿ ಇನ್‌ವರ್ಡ್ ಆಗಿರಬೇಕು.

ಜೈ ಭೀಮ್.